ಐದು ಅಕ್ಷರದ ಪಾಟಿ

ಯುಕೆಜಿಗೆ ಹೋಗುವ ಮೊಮ್ಮಗಳು ಪಾಟಿ ತಂದು ನನ್ನ ತೊಡೆಯ ಮೇಲಿಟ್ಟಳು. ಅದರಲ್ಲಿ ಐದೇ ಅಕ್ಷರ: ರ ಗ ಸ ದ ಅ. ನಾನು ಓಣಿಗೆಲ್ಲ ಕೇಳುವಂತೆ ಅ ಆ ಇ ಈ ಒದರಿ ಕಲಿತವನು. ಅಕ್ಷರಗಳ ಹಿರಿಯಣ್ಣ 'ಅ' ಸಾಲಿನ ಕೊನೆಗೆ ನಿಂತದ್ದು ಕಂಡು ಕಸಿವಿಸಿಯಾಯಿತು. ಆಮೇಲೆ ಆ ಐದನ್ನೇ ಹಿಂದೆ ಮುಂದೆ ಮಾಡಿ ನೋಡುತ್ತ ಕೂತೆ. ಚಹಾ ಆರಿಹೋಯಿತು.

ರ, ಸ ಕೂಡಿದರೆ ರಸ. ತಿರುಗಿಸಿದರೆ ಸರ. ಮುಂದೊಂದು ಅ ಬಂದರೆ ಅರಸ. ಅದರೊಳಗಿನ ರ ತೆಗೆದು ಗ ಇಟ್ಟರೆ ಅರಸ ಹೋಗಿ ಅಗಸ ಬಂದ. ಸಿಂಹಾಸನಕ್ಕೂ ಹಳ್ಳದ ಬಂಡೆಗೂ ನಡುವೆ ಒಂದೇ ಅಕ್ಷರ. ಗರಗಸವಂತೂ ಹೇಳುವಾಗಲೇ ಕಟ್ಟಿಗೆ ಕೊಯ್ಯುತ್ತದೆ. ಬುಗುರಿ ಗರಗರ ತಿರುಗುತ್ತದೆ, ಹಾವು ಸರಸರ ಹರಿಯುತ್ತದೆ, ಹಟಮಾರಿ ಹುಡುಗನನ್ನು ಸಾಲಿಗೆ ದರದರ ಎಳೆದೊಯ್ಯುತ್ತಾರೆ. ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಇಷ್ಟು ಸಣ್ಣ ಬಂಡವಾಳದಲ್ಲಿ ಕನ್ನಡ ಇಷ್ಟು ದೊಡ್ಡ ಅಂಗಡಿ ತೆರೆಯುತ್ತದೆ ಎಂಬುದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಅಕ್ಷರಗಳ ಈ ಕ್ರಮ 'ನಲಿ-ಕಲಿ' ಪದ್ಧತಿಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಬಂದದ್ದು. ಮೊಮ್ಮಗಳ ಟೀಚರ್ ಅದನ್ನು ಯುಕೆಜಿಗೇ ತಂದುಕೊಂಡಿದ್ದಾರೆ. ನಮ್ಮ ವರ್ಣಮಾಲೆ ಬಾಯಿಯ ದಾರಿ ಹಿಡಿದದ್ದು. ಕ ಗಂಟಲಲ್ಲಿ ಹುಟ್ಟಿದರೆ ಪ ತುಟಿಗೆ ಬಂದು ನಿಲ್ಲುತ್ತದೆ. ಅದನ್ನು ಹಾಗೆ ಜೋಡಿಸಿದವರಿಗೆ ಕೈ ಮುಗಿಯಬೇಕು. ಆದರೆ ಐದು ವರ್ಷದ ಬೆರಳಿಗೆ ಗಂಟಲಿನ ಗೊಡವೆ ಏನು? ಅದಕ್ಕೆ ಬೇಕಾದದ್ದು ಗುಂಡಗೆ ತಿರುಗಲು ಒಂದಿಷ್ಟು ಜಾಗ. ರ ಬರೆದರೆ ಒಂದು ಸುತ್ತು, ಮೇಲೊಂದು ಟೊಪ್ಪಿಗೆ. ಅದೇ ಟೊಪ್ಪಿಗೆಯ ಕೆಳಗೆ ಕಮಾನು ಕಟ್ಟಿದರೆ ಗ.

'ಅಪ್ಪಾ, ತಿಂಗಳಾತು. ಇನ್ನೂ ಐದ ಅಕ್ಷರ ಏನು?' ಎಂದ ಮಗ. ಪಕ್ಕದ ಮನೆಯ ಹುಡುಗ ನೂರರ ತನಕ ಬರೆಯುತ್ತಾನಂತೆ. ಬರೆಯಲಿ. ಮುಂದಿನ ಗುಂಪು ಜ ವ ಮ ಬ ನ. ಅದು ಬಂದರೆ ಮರ, ಜನ, ನಗರ, ಬಸವ ಎಲ್ಲ ಬರುತ್ತಾರೆ. 'ಅವಸರ' ಅಂತ ಬರಿಯೂದಕ್ಕೂ ಆ ಎರಡನೇ ಗುಂಪಿನ ವ ಬರೂತನಕ ಕಾಯಬೇಕಪಾ ಎಂದೆ. ಅವನಿಗೆ ನಗು ಬರಲಿಲ್ಲ.

ಸೊಸೆ ಜಾಣೆ. ಮಗಳ ಮುಂದೆ ಮೊರದಲ್ಲಿ ಶೇಂಗಾ ಸುರಿದಿಟ್ಟಳು. ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಟ್ಟೆಂದು ಒಡೆಯಬೇಕು, ಕಾಳಿನ ಕೆಂಪು ಸಿಪ್ಪೆ ಉಜ್ಜಬೇಕು. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಬೆರಳಿಗೆ ಬರುವುದು ಇಲ್ಲಿಂದ. ಅರ್ಧ ಕಾಳು ಬಾಯಿಗೆ ಹೋದವು, ಕೂಲಿ ಎಂದುಕೊಳ್ಳಿ. ಮರುದಿನ ಮೆಂತೆ ಪಲ್ಯ ಸೋಸಿದರು. ದಂಟು ಯಾವುದು, ಎಲೆ ಯಾವುದು ಎಂದು ಬೇರೆ ಮಾಡುವ ಕಣ್ಣಿಗೇ ನಾಳೆ ಬ ಯಾವುದು, ಭ ಯಾವುದು ಎಂದು ಗೊತ್ತಾಗಬೇಕಲ್ಲ.

ನನ್ನ ಪಾಲಿಗೆ ಬಂದದ್ದು ತಿದ್ದಿಸುವ ಕೆಲಸ. ಪಾಟಿ ತುಂಬ ಒಂದೇ ಒಂದು ರ ಬರೆದುಕೊಡುತ್ತೇನೆ. ಅವಳು ಅದರ ಮೇಲೆ ಪೆನ್ಸಿಲ್ ಆಡಿಸಿದ ಹಾಗೆಲ್ಲ ಅಕ್ಷರ ಉಂಡು ದಪ್ಪಗಾದಂತೆ ಬೆಳೆಯುತ್ತದೆ. ನಡುವೆ ಪೆನ್ಸಿಲ್ ಕಿರ್ರೆಂದರೆ ಇಬ್ಬರಿಗೂ ಹಲ್ಲು ಜುಂ. ನಾನು ಕೈ ಹಿಡಿದು ಬರೆಸುವುದಿಲ್ಲ. ಹಿಡಿದರೆ ಬರೆದವನು ನಾನಾಗುತ್ತೇನೆ. ಸೊಟ್ಟಗಾದರೆ ಅವಳೇ ಉಗುಳು ಹಚ್ಚಿ ಅಂಗೈಯಿಂದ ಒರೆಸುತ್ತಾಳೆ. ಅವಳ ಅವ್ವ ಕೊಟ್ಟ ಹಸಿ ಅರಿವೆ ಮೂಲೆಯಲ್ಲಿ ಒಣಗುತ್ತಿದೆ. ಪಾಟಿಯನ್ನೇ ಮುಟ್ಟದೆ, ಒಮ್ಮೆ ಇಟ್ಟ ಪದ ಅಳಿಸದೆ ಕಾವ್ಯ ಕಟ್ಟಿದೆನೆಂದು ಕುಮಾರವ್ಯಾಸ ಹೆಮ್ಮೆಪಟ್ಟ. ಇವಳ ಹೆಮ್ಮೆಯೆಲ್ಲ ಅಳಿಸುವುದರಲ್ಲೇ ಇದೆ.

ಹೋದ ವಾರ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸಿಗೆ ನಿಂತಿದ್ದೆವು. ಅದರ ಬೋರ್ಡಿನಲ್ಲಿ ಅವಳ ಗುರುತಿನವನು ರ ಒಬ್ಬನೇ. ಅಷ್ಟರಲ್ಲಿ ಇನ್ನೊಂದು ಬಸ್ಸು ಹಿಂದೆ ಸರಿದು ಬಂದು ನಿಂತಿತು. 'ಅಜ್ಜಾ, ಗ!' ಎಂದಳು. ಆಮೇಲೆ 'ದ'. ಮತ್ತೆ 'ಗ'. ಗದ್ದಲದ ನಡುವೆ ಒಂದು ಗಳಿಗೆ ಸುಮ್ಮನಾದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

'ಗದಗ!'

ನಮ್ಮ ಬಸ್ಸು ಹೊರಡುತ್ತಿತ್ತು. ಅವಳು ನನ್ನ ಕೈ ಹಿಡಿದು ಗದಗ ಬಸ್ಸಿನ ಬಾಗಿಲಿಗೇ ಎಳೆದಳು, ದರದರ.