ಕನ್ನಡ ಸಾಹಿತ್ಯದಲ್ಲಿ ಅರಣ್ಯದ ದಿನಗೂಲಿ

೧

ಕನ್ನಡ ಸಾಹಿತ್ಯದಲ್ಲಿ ಅರಣ್ಯವರ್ಣನೆಗೆ ಕೊರತೆಯಿಲ್ಲ. ಚಂಪೂಕಾವ್ಯಗಳ ವನವರ್ಣನೆಯಿಂದ ಮೊದಲುಗೊಂಡು ಮಲೆನಾಡಿನ ಮಹಾಕಾದಂಬರಿಗಳವರೆಗೆ ಕಾಡು ನಮ್ಮ ಕವಿಗಳ ಕಣ್ಣನ್ನೂ ಮನಸ್ಸನ್ನೂ ಸೆಳೆದುಕೊಂಡಿದೆ. ಈ ಬಗ್ಗೆ ವಿಮರ್ಶೆಯೂ ಸಾಕಷ್ಟು ಬೆಳೆದಿದೆ. ಆದರೆ ಸರ್ಕಾರದ ಅರಣ್ಯದಲ್ಲಿ ಕೂಲಿಗೆ ದುಡಿದು, ಆ ಅರಣ್ಯವನ್ನು ನೆಟ್ಟು, ಕಾದು, ಕಡಿದು ಸಾಗಿಸಿದ ಮನುಷ್ಯನಿಗೆ ಈ ಸಾಹಿತ್ಯದಲ್ಲಿ ಯಾವ ಸ್ಥಾನ ದೊರೆತಿದೆ ಎಂಬ ಪ್ರಶ್ನೆಯನ್ನು ವಿಮರ್ಶೆ ಅಷ್ಟಾಗಿ ಕೈಗೆತ್ತಿಕೊಂಡಿಲ್ಲ. ಆ ಪ್ರಶ್ನೆಯನ್ನು ಎತ್ತಿ, ಉತ್ತರದ ದಿಕ್ಕನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಶೀಲನೆಗೆ ಒಂದು ನೆಲೆ ಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ಆ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಮೊದಲೆರಡು ೧೯೯೭ರವರೆಗೆ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದು, ಆ ವರ್ಷ ದಾವಣಗೆರೆ ಜಿಲ್ಲೆಯಲ್ಲಿ ಒಂದಾದುವು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಇದು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ನೆಲ. ಒಂದು ತುದಿಯಲ್ಲಿ ಉಬ್ರಾಣಿಯ ಕಡೆಯ ಎಲೆಯುದುರುವ ಕಾಡು. ಇನ್ನೊಂದು ತುದಿಯಲ್ಲಿ ಜಗಳೂರಿನ ರಂಗಯ್ಯನದುರ್ಗದ ಕುರುಚಲು. ಸಾಹಿತ್ಯವು ಕಾಡೆಂದು ಒಪ್ಪಿಕೊಂಡ ಪ್ರದೇಶದ ಗಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

೨

ಮೊದಲು ಈ ಅರಣ್ಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾದುದು ೧೮೬೪ರಲ್ಲಿ. ಅಂದಿನಿಂದ ಈ ಸೀಮೆಯ ಕಾಡು ಕೇವಲ ಪ್ರಕೃತಿಯಾಗಿ ಉಳಿಯಲಿಲ್ಲ. ಅಳತೆಗೆ, ಲೆಕ್ಕಕ್ಕೆ, ಕಾರ್ಯಯೋಜನೆಗೆ ಒಳಪಟ್ಟಿತು. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಸುತ್ತಲಿನ ಅರಣ್ಯಗಳ ಇದ್ದಿಲನ್ನು ನಂಬಿಕೊಂಡಿತ್ತು. ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗಾಗಿ ಮುಂದೆ ಶಿವಮೊಗ್ಗ ಸೀಮೆಯಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಹಬ್ಬಿದುವು. ಚನ್ನಗಿರಿಯ ಅರಣ್ಯ ಭದ್ರಾವತಿ ಅರಣ್ಯ ವಿಭಾಗಕ್ಕೇ ಸೇರಿದುದು. ಆದುದರಿಂದ ಇಲ್ಲಿನ ದಾರಿಹೋಕನ ಕಣ್ಣಿಗೆ ಬೀಳುವ ಹಸುರಿನ ಗಣನೀಯ ಭಾಗ ತಾನಾಗಿ ಬೆಳೆದುದಲ್ಲ. ಯಾರೋ ನೆಟ್ಟದ್ದು, ಯಾರೋ ಕಾದದ್ದು.

ಆ 'ಯಾರೋ' ಮಾಡುವ ಕೆಲಸವಾದರೂ ಏನು? ಚಳಿಗಾಲ ಮುಗಿಯುವ ಮೊದಲೇ ಬೆಂಕಿ ರೇಖೆಗಳನ್ನು ತೆಗೆಯಬೇಕು. ಹುಲ್ಲನ್ನೂ ಕುರುಚಲನ್ನೂ ಸವರಿ, ಒಣಗಿದುದನ್ನು ತಂಪು ಹೊತ್ತಿನಲ್ಲಿ ಕಾವಲಿದ್ದು ಸುಟ್ಟು, ಮುಂದೆ ಬರಬಹುದಾದ ಕಿಚ್ಚು ದಾಟದಂತೆ ಬರಿಯ ನೆಲದ ಪಟ್ಟಿಯನ್ನು ಬಿಡಿಸಬೇಕು. ಬೇಸಗೆಯಲ್ಲಿ ಹಗಲೂ ಇರುಳೂ ಬೆಂಕಿಯ ಕಾವಲು. ಬೆಂಕಿ ಬಿದ್ದರೆ ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸುವುದು. ಅದೇ ಬೇಸಗೆಯಲ್ಲಿ ಗಟ್ಟಿನೆಲದಲ್ಲಿ ಗುಂಡಿ ತೋಡಬೇಕು, ಇಳಿಜಾರಿಗೆ ಅಡ್ಡಲಾಗಿ ಕಾಲುವೆ ಅಗೆಯಬೇಕು. ಸಸಿಮಡಿಯಲ್ಲಿ ಚೀಲಗಳಿಗೆ ಮಣ್ಣು ಗೊಬ್ಬರ ತುಂಬಿ, ನೀರು ಹೊತ್ತು ಸಸಿ ಎಬ್ಬಿಸಬೇಕು. ಮುಂಗಾರು ಹಿಡಿದೊಡನೆ ನಾಟಿ. ಅನಂತರ ಕಳೆ, ಬುಡದ ಮಣ್ಣು ಸಡಿಲಿಸುವಿಕೆ, ಸತ್ತ ಸಸಿಯ ಜಾಗದಲ್ಲಿ ಮರುನಾಟಿ. ಮರ ಬಲಿತಾಗ ಕಡಿತ, ತುಂಡು ಮಾಡುವಿಕೆ, ನಾಟಾ ಡಿಪೋಕ್ಕೆ ಸಾಗಣೆ. ಇವೆಲ್ಲದರ ಮೇಲ್ವಿಚಾರಣೆಗೆ ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ ಮೊದಲಾದ ಕಾಯಂ ನೌಕರರಿರುತ್ತಾರೆ. ಗುದ್ದಲಿ, ಮಚ್ಚು, ನೀರಿನ ಕೊಡ ಹಿಡಿಯುವವರು ಮಾತ್ರ ಬಹುಮಟ್ಟಿಗೆ ಸುತ್ತಲಿನ ಹಳ್ಳಿ ಮತ್ತು ತಾಂಡಾಗಳ ದಿನಗೂಲಿಗಳು.

'ದಿನಗೂಲಿ' ಎಂಬ ಪದವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ನೀಲಗಿರಿ ಕಡಿತಕ್ಕೆ ಬರಲು ಎಂಟು ಹತ್ತು ವರ್ಷ, ತೇಗ ಬಲಿಯಲು ಹಲವು ದಶಕಗಳು ಬೇಕು. ದಶಕಗಳಲ್ಲಿ ಎಣಿಸಬೇಕಾದ ಕೆಲಸವನ್ನು ಮಾಡುವವನ ಹೆಸರು ಮಾತ್ರ ದಿನದ ಲೆಕ್ಕದ್ದು. ದಿನಗೂಲಿಯ ದೀರ್ಘ ಸೇವೆ ಮಾತ್ರದಿಂದಲೇ ಕಾಯಮಾತಿಯ ಹಕ್ಕು ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ತೀರ್ಪಿತ್ತ ಉಮಾದೇವಿ ಪ್ರಕರಣ ಕರ್ನಾಟಕದಿಂದಲೇ ಹೋದುದು. ತರುವಾಯ ೨೦೧೨ರಲ್ಲಿ ರಾಜ್ಯವು ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮವನ್ನು ಮಾಡಬೇಕಾಯಿತು. ಕಾನೂನು ಈ ಮನುಷ್ಯನ ಕಾಲವನ್ನು ಕುರಿತು ಇಷ್ಟು ಯೋಚಿಸಿರುವಾಗ, ಕಾಲವನ್ನೇ ತನ್ನ ವಸ್ತುವಾಗಿ ಉಳ್ಳ ಕಥನಸಾಹಿತ್ಯ ಅವನನ್ನು ಕುರಿತು ಏನು ಹೇಳಿದೆ?

೩

ಹಳೆಯ ಸಾಹಿತ್ಯದಲ್ಲಿ ಒಂದು ಉಜ್ಜ್ವಲವಾದ ಉದಾಹರಣೆ ಇದೆ. ಶರಣ ಮೋಳಿಗೆಯ ಮಾರಯ್ಯನು ಕಾಡಿನಿಂದ ಸೌದೆ ಹೊರೆ ತಂದು ಮಾರಿ ಬದುಕಿದವನು. ಹೊರೆಯೇ ಅವನ ಹೆಸರಾಯಿತು. ಕಾಯಕದ ದೃಷ್ಟಿಯಿಂದ ಸೌದೆಹೊರೆಗೂ ಅರಸೊತ್ತಿಗೆಗೂ ಭೇದವಿಲ್ಲವೆಂಬುದನ್ನು ಅವನ ಜೀವನ ಸಾರಿತು. ಆದರೆ ಪರಂಪರೆ ಅವನ ಕಥೆಯನ್ನು ಹೇಳಿದ ರೀತಿ ವಿಚಾರಾರ್ಹವಾಗಿದೆ. ಅವನು ಮೊದಲು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದವನಂತೆ. ಎಂದರೆ, ಸೌದೆ ಹೊರುವವನು ಕಥೆಗೆ ಅರ್ಹನಾಗಲು ಅವನ ಹಿಂದೆ ಒಂದು ಸಿಂಹಾಸನ ಬೇಕಾಯಿತು. ಹುಟ್ಟಿನಿಂದಲೇ ಹೊರೆ ಹೊತ್ತವನ ಕಥೆ ಅಷ್ಟು ವಿಸ್ತಾರವಾಗಿ ಹೇಳಲ್ಪಡುತ್ತಿತ್ತೆ ಎಂಬ ಸಂದೇಹ ಸಹಜವಾಗಿಯೇ ಮೂಡುತ್ತದೆ.

ಆಧುನಿಕ ಕಾದಂಬರಿಗೆ ಬಂದರೆ, ಕಾಡಿನ ಶ್ರೇಷ್ಠ ಚಿತ್ರಣಗಳು ಕುವೆಂಪು ಅವರವು. 'ಕಾನೂರು ಹೆಗ್ಗಡಿತಿ' (೧೯೩೬) ಮತ್ತು 'ಮಲೆಗಳಲ್ಲಿ ಮದುಮಗಳು' (೧೯೬೭) ಕೃತಿಗಳಲ್ಲಿ ದುಡಿಯುವವರಿಲ್ಲವೆಂದು ಯಾರೂ ಹೇಳಲಾರರು. ಗುತ್ತಿ, ತಿಮ್ಮಿ, ಐತ, ಪೀಂಚಲು ಇವರನ್ನು ಕಾದಂಬರಿಯ ಹೃದಯದಲ್ಲಿಯೇ ನಿಲ್ಲಿಸಿದುದು ಕುವೆಂಪು ಅವರ ಮಹತ್ತ್ವ. ಆದರೆ ಅವರ ದುಡಿಮೆ ಗೌಡರ ಮನೆಗೆ, ಗದ್ದೆಗೆ, ತೋಟಕ್ಕೆ ಸಂಬಂಧಿಸಿದುದು. ಕಾಡು ಅವರಿಗೆ ದಾರಿ, ಆಶ್ರಯ, ಬೇಟೆ, ಭಯ, ದರ್ಶನ. ಅದು ಅವರ ಕೆಲಸದ ಸ್ಥಳವಲ್ಲ.

ಕಾರಂತರ 'ಬೆಟ್ಟದ ಜೀವ' (೧೯೪೩) ಕಾಡನ್ನು ಕೆಲಸದ ಸ್ಥಳವನ್ನಾಗಿ ಕಂಡ ಕೃತಿ. ಕುಮಾರಪರ್ವತದ ತಪ್ಪಲಿನಲ್ಲಿ ಕಾಡನ್ನು ಸವರಿ ತೋಟ ಎಬ್ಬಿಸಿದ ಗೋಪಾಲಯ್ಯನ ಕರ್ತೃತ್ವಶಕ್ತಿ ಅಲ್ಲಿ ಅದ್ಭುತವಾಗಿ ಮೂಡಿದೆ. ಆದರೂ ಅಲ್ಲಿಯ ದುಡಿಮೆಯ ಗುರಿ ಕಾಡನ್ನು ಹಿಂದಕ್ಕೆ ತಳ್ಳುವುದು. ಅದರ ಫಲ ದುಡಿಸಿದವನ ಹೆಸರಿಗೆ ಸೇರುತ್ತದೆ. ಸರ್ಕಾರಿ ಅರಣ್ಯದ ಕೂಲಿಯ ದುಡಿಮೆ ಇದಕ್ಕೆ ತದ್ವಿರುದ್ಧ. ಅವನು ಕಾಡನ್ನು ಮುಂದಕ್ಕೆ ತರುತ್ತಾನೆ, ಮತ್ತು ಅದು ಅವನದಾಗುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರು ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. 'ಕರ್ವಾಲೊ' (೧೯೮೦) ಕಾದಂಬರಿಯ ಮಂದಣ್ಣನಲ್ಲಿ ಹುಟ್ಟು ನಿಸರ್ಗತಜ್ಞನನ್ನು ವಿಜ್ಞಾನಿಯೊಬ್ಬನು ಗುರುತಿಸುತ್ತಾನೆ. ಹಳ್ಳಿಗನ ಅರಣ್ಯಜ್ಞಾನಕ್ಕೆ ಕನ್ನಡದಲ್ಲಿ ದೊರೆತ ದೊಡ್ಡ ಮನ್ನಣೆ ಅದು. 'ಜುಗಾರಿ ಕ್ರಾಸ್' (೧೯೯೪) ಕಾಡಿನ ಕಳ್ಳಸಾಗಣೆಯ ಭೂಗತ ಜಗತ್ತನ್ನು ತೆರೆದು ತೋರಿತು. ಒಂದರಲ್ಲಿ ಜ್ಞಾನ, ಇನ್ನೊಂದರಲ್ಲಿ ಅಪರಾಧ. ಇವೆರಡರ ನಡುವಿನ ದಿನನಿತ್ಯದ ಕೂಲಿ ಅಲ್ಲಿಯೂ ಕಥಾವಸ್ತುವಾಗಲಿಲ್ಲ. ಚಲನಚಿತ್ರವನ್ನು ಗಮನಿಸುವುದಾದರೆ, 'ಗಂಧದ ಗುಡಿ' (೧೯೭೩) ಅರಣ್ಯಾಧಿಕಾರಿಯನ್ನು ನಾಯಕನನ್ನಾಗಿ ಮಾಡಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅನುಭವಕಥನವಾದ 'ಕಾಡಿನೊಳಗೊಂದು ಜೀವ' ಆ ದೃಷ್ಟಿಯ ಪ್ರಾಮಾಣಿಕ ದಾಖಲೆ. ಎರಡೂ ಮುಖ್ಯವಾಗಿ ಅಧಿಕಾರಿಯ ನೆಲೆಯಿಂದ ಕಂಡ ಕಾಡುಗಳು.

ನಾವು ಆರಿಸಿಕೊಂಡ ಸೀಮೆಯ ಮಟ್ಟಿಗೆ ಹೇಳುವುದಾದರೆ, ಚನ್ನಗಿರಿಗೆ ಹೊಂದಿದ ಹೊಸದುರ್ಗ–ಹೊಳಲ್ಕೆರೆಗಳ ನರಭಕ್ಷಕ ಹುಲಿಗೆ ಕೆನೆತ್ ಆಂಡರ್ಸನ್ನನ ೧೯೫೪ರ ಬೇಟೆಯ ಪುಸ್ತಕದಲ್ಲಿ ಒಂದು ಅಧ್ಯಾಯವೇ ಮೀಸಲಾಗಿದೆ. ಹುಲಿಗೆ ಚರಿತ್ರೆ ದೊರೆತ ನೆಲದಲ್ಲಿ ಗುಂಡಿ ತೋಡಿದವನಿಗೆ ದೊರೆಯಲಿಲ್ಲ.

೪

ಈ ಅಭಾವಕ್ಕೆ ಲೇಖಕರ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. 'ನೇಗಿಲಯೋಗಿ'ಯನ್ನು ಕಂಡ ಸಾಹಿತ್ಯ, ಚೋಮನ ದುಡಿಯ ಸದ್ದನ್ನು ಕೇಳಿದ ಸಾಹಿತ್ಯ ದುಡಿಮೆಗೆ ಕುರುಡಲ್ಲ. ಸಾರ್ವಜನಿಕ ಕಾರ್ಯಗಳಿಗೂ ಅದು ಕುರುಡಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿಯೇ ಇರುವ ಸೂಳೆಕೆರೆ, ಎಂದರೆ ಇಂದಿನ ಶಾಂತಿಸಾಗರ, ತನ್ನೊಡನೆ ಶಾಂತವ್ವೆಯ ಕಥೆಯನ್ನು ಶತಮಾನಗಳಿಂದ ಹೊತ್ತು ತಂದಿದೆ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಅರಿಯದ ಕನ್ನಡಿಗನಿಲ್ಲ. ಕೆರೆಗೆ ಸಾಹಿತ್ಯ ಹುಟ್ಟಿತು, ನೆಡುತೋಪಿಗೆ ಹುಟ್ಟಲಿಲ್ಲ. ಏಕೆ?

ಕೆರೆಗೆ ಒಂದು ಏರಿ ಇದೆ, ಒಂದು ತೂಬು ಇದೆ, ಕಟ್ಟಿಸಿದವರ ಹೆಸರಿದೆ, ನೀರು ಬಂದ ಒಂದು ದಿನವಿದೆ. ಘಟನೆ ಇರುವುದರಿಂದ ಕಥೆ ಸಾಧ್ಯವಾಗುತ್ತದೆ. ಅರಣ್ಯದ ಕೆಲಸಕ್ಕೆ ಅಂತಹ ದಿನವಿಲ್ಲ. ನೆಟ್ಟವನು ಕಡಿತವನ್ನು ಕಾಣದೆ ಹೋಗಬಹುದು. ಕಡಿದವನು ನೆಟ್ಟವನನ್ನು ಅರಿಯದಿರಬಹುದು. ಅದಕ್ಕೂ ಮಿಗಿಲಾಗಿ, ಈ ಕೆಲಸದ ಸಾಫಲ್ಯವಿರುವುದು ಏನೂ ಆಗದಿರುವುದರಲ್ಲಿ. ಬೆಂಕಿ ರೇಖೆ ಚೆನ್ನಾಗಿ ತೆಗೆದಿದ್ದರೆ ಆ ಬೇಸಗೆಯಲ್ಲಿ ಬೆಂಕಿ ಹಬ್ಬುವುದಿಲ್ಲ. ಹಬ್ಬದ ಬೆಂಕಿಯನ್ನು ಯಾರೂ ನೋಡುವುದಿಲ್ಲ, ಯಾರೂ ಹಾಡುವುದಿಲ್ಲ. ಬೇಟೆ, ಅಪರಾಧ, ಸಾಹಸ, ದರ್ಶನ ಇವೆಲ್ಲ ಘಟನೆಯನ್ನು ಬೇಡುವ ಪ್ರಕಾರಗಳು. ಘಟನೆಯನ್ನು ತಡೆಯುವುದೇ ಕೆಲಸವಾದವನು ಇವುಗಳ ಬಲೆಗೆ ಸಿಕ್ಕುವುದಿಲ್ಲ. ನಮ್ಮ ಸಾಹಿತ್ಯದ ಈ ಶೂನ್ಯಸ್ಥಾನ ಸಹಾನುಭೂತಿಯ ಕೊರತೆಯಿಂದ ಬಂದುದಕ್ಕಿಂತ ಹೆಚ್ಚಾಗಿ ರೂಪದ ಕೊರತೆಯಿಂದ ಬಂದುದೆಂಬುದು ಈ ಲೇಖನದ ಅಭಿಪ್ರಾಯ.

ಇದರೊಡನೆ ರುಚಿಯ ಪ್ರಶ್ನೆಯೂ ಇದೆ. ಮಲೆನಾಡಿನ ಕೃತಿಗಳು ನಮ್ಮ ಕಣ್ಣನ್ನು ತಿದ್ದಿ, ದಟ್ಟವಾದುದು ಮಾತ್ರ ಕಾಡು ಎಂಬ ಭಾವನೆಯನ್ನು ನೆಲೆಗೊಳಿಸಿವೆ. ಬಯಲುಸೀಮೆಯ ಜನ 'ಅಡವಿ' ಎನ್ನುವ ತೆಳುಮರಗಳ ಕಲ್ಲುಗುಡ್ಡ ಆ ಕಣ್ಣಿಗೆ ಬರಡಾಗಿ ತೋರುತ್ತದೆ. ಅಂತಹ ಅಡವಿಯೊಂದನ್ನೇ, ರಂಗಯ್ಯನದುರ್ಗವನ್ನು, ೨೦೧೧ರಲ್ಲಿ ಕೊಂಡುಕುರಿಗಳ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ನಾಲ್ಕು ಕೊಂಬಿನ ಆ ನಾಚುಗೆಯ ಪ್ರಾಣಿಗೆ ಬೇಕಾದುದು ಕಗ್ಗಾಡಲ್ಲ, ಈ ಒಣ ಅಡವಿಯೇ. ಪ್ರಾಣಿಶಾಸ್ತ್ರ ಕಂಡ ಬೆಲೆಯನ್ನು ಕಾವ್ಯಶಾಸ್ತ್ರ ಇನ್ನೂ ಕಾಣಬೇಕಾಗಿದೆ.

೫

ಇಲಾಖೆಯ ಬರಹವಾದರೂ ಈ ಮನುಷ್ಯನನ್ನು ಉಳಿಸಿಕೊಂಡಿದೆಯೆ? ನೆಡುತೋಪಿನ ದಾಖಲೆಗಳು ವರ್ಷ, ವಿಸ್ತೀರ್ಣ, ಜಾತಿ, ಸಸಿಗಳ ಸಂಖ್ಯೆ, ಬದುಕಿದ ಸಸಿಗಳ ಪ್ರಮಾಣ, ಖರ್ಚು ಇವನ್ನು ನಮೂದಿಸುತ್ತವೆ. ಅವುಗಳ ವಾಕ್ಯ ಸಾಮಾನ್ಯವಾಗಿ ಕರ್ಮಣಿಪ್ರಯೋಗದ್ದು: ಸಸಿಗಳನ್ನು ನೆಡಲಾಯಿತು, ಬೆಂಕಿಯನ್ನು ನಂದಿಸಲಾಯಿತು. ಕರ್ತೃವಿಲ್ಲದೆ ಕ್ರಿಯೆ ನಡೆಯುವ ಈ ವಾಕ್ಯರಚನೆಯನ್ನು ಆಡಳಿತದ ಕನ್ನಡದ ಲಕ್ಷಣವೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಆ ಲೋಪಗೊಂಡ ಕರ್ತೃಪದದ ಸ್ಥಾನದಲ್ಲಿ ಯಾರಿದ್ದರೆಂಬುದನ್ನು ಹಾಜರಿ ಪಟ್ಟಿ ಮಾತ್ರ ಬಲ್ಲುದು. ಅದನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸಾಹಿತ್ಯವೇನು ಇಲಾಖೆಯ ವರದಿಯೆ, ಪ್ರತಿಯೊಂದು ವೃತ್ತಿಗೂ ಒಂದೊಂದು ಕಾದಂಬರಿ ಬೇಕೆ ಎಂದು ಕೇಳಬಹುದು. ಬೇಕಾಗಿಲ್ಲ. ಆದರೆ ಈ ವೃತ್ತಿಯ ಒಳಗೆ ದೊಡ್ಡ ಸಾಹಿತ್ಯಕ್ಕೆ ತಕ್ಕ ಸಂಘರ್ಷವೊಂದು ಅಡಗಿದೆ. ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಸೌದೆ ತರುವುದು ೧೯೬೩ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಹೊರೆ ತರುವವಳು ಹಳ್ಳಿಯ ಬಡವಳು. ಅವಳನ್ನು ತಡೆಯಲು ನಿಯುಕ್ತನಾದ ಕಾವಲುಗಾರನೂ ಅದೇ ಹಳ್ಳಿಯ ಬಡವ, ಒಮ್ಮೊಮ್ಮೆ ಅವಳ ನೆಂಟ. ಇಂದು ಮೋಳಿಗೆಯ ಮಾರಯ್ಯ ಬಂದರೆ ಅವನ ಹೊರೆಯನ್ನು ಇಳಿಸಬೇಕಾದವನು ಇನ್ನೊಬ್ಬ ಮಾರಯ್ಯನೇ. ತಡೆದರೆ ಊರಿಗೆ ಹೊರಗಾಗುತ್ತಾನೆ, ತಡೆಯದಿದ್ದರೆ ಕೂಲಿಗೆ ಎರವಾಗುತ್ತಾನೆ. ಧರ್ಮಸಂಕಟವೆಂಬ ಮಾತನ್ನು ನಾವು ಪುರಾಣಪುರುಷರಿಗೆ ಮೀಸಲಾಗಿಟ್ಟಿದ್ದೇವೆ. ಅದು ಇಲ್ಲಿ ಗುದ್ದಲಿ ಹಿಡಿದು ನಿಂತಿದೆ.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ನೀಲಗಿರಿ, ಅಕೇಶಿಯಾಗಳನ್ನು ಕುರಿತ ಟೀಕೆ ನಮ್ಮಲ್ಲಿ ಬಲವಾಗಿದೆ, ಅದಕ್ಕೆ ಆಧಾರಗಳೂ ಉಂಟು. ಯಾವ ಮರ ನೆಡಬೇಕೆಂಬುದನ್ನು ನಿರ್ಧರಿಸಿದವನು ಮಾತ್ರ ಗುಂಡಿ ತೋಡಿದವನಲ್ಲ. ತಪ್ಪು ನೀತಿಯಡಿಯಲ್ಲಿಯೂ ಶ್ರಮ ಶ್ರಮವೇ. ಈ ಕೂಲಿಯನ್ನು ಪರಿಸರದ ಶತ್ರುವೆಂದು ಚಿತ್ರಿಸುವುದು ಹೇಗೆ ಸಲ್ಲದೋ ಹಾಗೆಯೇ ಅವನನ್ನು ವನದೇವತೆಯ ಭಕ್ತನೆಂದು ಹೊಗಳಿ ಕೈತೊಳೆದುಕೊಳ್ಳುವುದೂ ಸಲ್ಲದು. ಅವನಿಗೆ ಬೇಕಾದುದು ಸ್ತುತಿಯಲ್ಲ, ಯಥಾರ್ಥವಾದ ಚಿತ್ರ.

ಅಂತಹ ಚಿತ್ರಕ್ಕೆ ಸಾಮಗ್ರಿ ಇನ್ನೂ ಜೀವಂತವಾಗಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಪುಣ್ಯಕ್ಷೇತ್ರ; ಸುತ್ತಲಿನ ತಾಂಡಾಗಳ ಮಾತಿನಲ್ಲಿ, ಹಾಡಿನಲ್ಲಿ ಅಡವಿಯ ನೆನಪು ಎಷ್ಟಿದೆಯೆಂಬುದನ್ನು ಅಲ್ಲಿಗೆ ಹೋಗಿ ಕೇಳಿಯೇ ತಿಳಿಯಬೇಕು. ನಮ್ಮ ಕನ್ನಡ ವಿಭಾಗಗಳು ಕ್ಷೇತ್ರಕಾರ್ಯದಲ್ಲಿ ಜನಪದ ಗೀತೆಗಳನ್ನು ಆದರದಿಂದ ಸಂಗ್ರಹಿಸಿವೆ. ಅದೇ ಆದರದಿಂದ ಬೆಂಕಿ ಕಾವಲಿನವರ, ಸಸಿಮಡಿಯ ಹೆಂಗಸರ, ಡಿಪೋದ ಹಮಾಲಿಗಳ ಮಾತನ್ನೂ ಬರೆದುಕೊಳ್ಳಬೇಕು. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವವರೊಳಗೆ ಇಂತಹ ಮನೆಗಳ ಮಕ್ಕಳೂ ಇರುತ್ತಾರೆ. ಪಠ್ಯದಲ್ಲಿ ಕಾಡು ಬಂದಾಗ ಅಲ್ಲಿ ಕವಿ, ಬೇಟೆಗಾರ, ಸಾಹುಕಾರ, ಕಳ್ಳ, ಅಧಿಕಾರಿ ಎಲ್ಲರೂ ಕಾಣಿಸಿಕೊಂಡು, ತಮ್ಮ ತಾಯಿ ನೀರು ಹೊತ್ತು ಉಳಿಸಿದ ಸಸಿ ಮಾತ್ರ ತಾನಾಗಿ ಬೆಳೆದಂತೆ ತೋರಿದರೆ, ಆ ವಿದ್ಯಾರ್ಥಿಗಳು ಸಾಹಿತ್ಯವನ್ನು ಎಷ್ಟರಮಟ್ಟಿಗೆ ನಂಬಿಯಾರು? 'ನೆಡಲಾಯಿತು' ಎಂಬ ಕ್ರಿಯಾಪದಕ್ಕೆ ಅದರ ಕರ್ತೃವನ್ನು ಮರಳಿ ದೊರಕಿಸಿಕೊಡುವ ಕೆಲಸ ಕಾದಂಬರಿಕಾರನದು. ಆ ಕರ್ತೃ ಲೋಪವಾಗಿದೆಯೆಂದು ತೋರಿಸಿಕೊಡುವ ಕೆಲಸ ನಮ್ಮದು.