ಬೆಳಕು ಹೊತ್ತವರು

ರಂಗಬೆಳಕಿನ ಪಾಠ ಶುರುವಾಗುವುದೇ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್‌ನಿಂದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಈ ಮೇಷ್ಟ್ರು 1932ರ ಪುಸ್ತಕದಲ್ಲಿ ಹೇಳಿದ ಕ್ರಮವನ್ನೇ ನಾನೂ ಹೇಳಿಕೊಡುತ್ತೇನೆ: ನಟನ ಎಡಕ್ಕೊಂದು ಬಲಕ್ಕೊಂದು ದೀಪ, 45 ಡಿಗ್ರಿಯಲ್ಲಿ, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಂಪು. ಸರಿಯೇ. ಆದರೆ ಹಿರಿಯೂರು, ಹೊಳಲ್ಕೆರೆ ಕಡೆಯ ಹುಡುಗರ ಮುಂದೆ ನಿಂತಾಗ ನನಗೆ ನೆನಪಾಗೋದು ಗ್ಯಾಸ್‌ಲೈಟು. ಊರ ಮೆರವಣಿಗೆಯಲ್ಲಿ ಅದನ್ನು ತಲೆ ಮೇಲೆ ಹೊತ್ತವರು ನಮ್ಮ ಹಟ್ಟಿಯವರು. ಬೆಳಕು ಊರಿನವರ ಮುಖಕ್ಕೆ, ಶಾಖ ಹೊತ್ತವನ ನೆತ್ತಿಗೆ. ನಾನು ಓದಿದ ಯಾವ ಪಠ್ಯದಲ್ಲೂ ಅವನಿಲ್ಲ.

ಗ್ಯಾಸ್‌ಲೈಟು ಹೋಗಿ ಡಿಮ್ಮರು ಬಂತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕ ಹೊತ್ತು ನಾಡು ಸುತ್ತಿದೆ. ನಮ್ಮ ಕಡೆಯವರಿಗೆ ಸ್ಪಾಟ್‌ಲೈಟು ಹೊಸದಲ್ಲ. ನೋಡುವ ಕಣ್ಣು ಮಾತ್ರ ಹಳೇದು. ಕೇರಿಯ ದೃಶ್ಯಕ್ಕೆ ಬೆಳಕು ಮಾಡಿ ಅಂದರೆ ವಿದ್ಯಾರ್ಥಿಗಳು ನೀಲಿ ಹಾಳೆ ಹಾಕಿ ಡಿಮ್ಮರ್ ಇಳಿಸುತ್ತಾರೆ. ಗೌಡರ ಜಗಲಿಗೆ ಹೊಂಬಣ್ಣ. ಯಾಕ್ರಯ್ಯಾ, ಚಿತ್ರದುರ್ಗದ ಬಿಸಿಲು ಕೇರಿಗೆ ಬೀಳಲ್ವಾ? ಕರುಣೆಯ ಹೆಸರಲ್ಲಿ ನಮ್ಮನ್ನು ಕತ್ತಲಲ್ಲಿಡುವ ಈ ಸೌಂದರ್ಯಪ್ರಜ್ಞೆಯನ್ನು ವಿಮರ್ಶೆ ಮುಟ್ಟಿಲ್ಲ. ಕಪ್ಪು ಮುಖಕ್ಕೆ ಪೌಡರ್ ಬಳಿಯುವುದೂ ಅದೇ ರೋಗ. ಪಕ್ಕದಿಂದ ಬೆಳಕು ಬಿಟ್ಟು ನೋಡಿ, ಆ ಮೈ ಹೇಗೆ ಹೊಳೆಯುತ್ತೆ ಅಂತ.

ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳು, ಆ ಜೋತಮ್ಮಗಳು, ರಾತ್ರಿ ಒಟ್ಟು ಸೇರಿ ಮಾತಾಡ್ತವೆ. ಅಲ್ಲಿ ದೀಪವೆಂದರೆ ಸಲಕರಣೆ ಅಲ್ಲ, ಸಾಕ್ಷಿ. ಮೆಕ್ಯಾಂಡ್ಲೆಸ್ ಜೊತೆಗೆ ಆ ಪುಟಗಳನ್ನೂ ಈಗ ಓದಿಸುತ್ತೇನೆ. ಪರೀಕ್ಷೆಗೆ ಬರುತ್ತಾ ಸಾರ್ ಅಂತ ಕೇಳ್ತಾರೆ. ಇನ್ನೂ ಬಂದಿಲ್ಲ.