ಒಂದು ಫ್ರೆಂಚ್ ಆತ್ಮವೃತ್ತದಲ್ಲಿ ಸ್ವಭಾವೋಕ್ತಿ

ಆತ್ಮವೃತ್ತವನ್ನು ಕಾವ್ಯದ ಸಾಲಿನಲ್ಲಿಟ್ಟು ವಿಚಾರಿಸಬಹುದೇ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಅಭಿಪ್ರಾಯಭೇದವುಂಟು. ಕಲ್ಪನೆಯಿಲ್ಲದೆಡೆ ಕಾವ್ಯತ್ವವೆಲ್ಲಿಯದು ಎಂದು ಕೇಳುವವರ ಮುಂದೆ ಒಂದು ಫ್ರೆಂಚ್ ಗ್ರಂಥವನ್ನಿಟ್ಟು, ಅದನ್ನು ನಮ್ಮ ಆಲಂಕಾರಿಕರ ಒರೆಗಲ್ಲಿನಲ್ಲಿ ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ. ಆ ಗ್ರಂಥವು ಲಾ ತೂರ್ ದ್ಯು ಪ್ಯಾಂ ಮಾರ್ಕ್ವಿಸನ ಪತ್ನಿಯಾದ ಲೂಸಿಯೆಂಬವಳು ರಚಿಸಿದ ‘ಐವತ್ತು ವರ್ಷದ ಸ್ತ್ರೀಯೊಬ್ಬಳ ದಿನಚರಿ’. ಹೆಸರು ದಿನಚರಿಯಾದರೂ ಇದು ಸ್ಮೃತಿಕಥನ. 1820ರಲ್ಲಿ ಆರಂಭವಾಗಿ 20ನೆಯ ಶತಮಾನದ ಮೊದಲ ದಶಕದಲ್ಲಿ ಅಚ್ಚಾಯಿತು. ಇಂಗ್ಲಿಷ್ ಭಾಷಾಂತರಗಳು ದೊರೆಯುತ್ತವೆ.

ಕಥಾಶರೀರವನ್ನು ಸಂಕ್ಷೇಪವಾಗಿ ಹೇಳುವೆವು. ಲೂಸಿಯು ಮರೀ ಆಂತ್ವಾನೆತ್ ರಾಣಿಯ ಪರಿವಾರದಲ್ಲಿದ್ದವಳು. ಪತಿ ಫ್ರೆಡರಿಕನು ಅರಸನ ಪರವಾಗಿ ಹೇಗ್ ನಗರದಲ್ಲಿ ರಾಯಭಾರಿಯಾಗಿದ್ದವನು. ಕ್ರಾಂತಿಯ ಭಯೋತ್ಪಾತದ ಕಾಲದಲ್ಲಿ ಅವನು ತಲೆಮರೆಸಿಕೊಂಡನು. 1794ರ ಮಾರ್ಚಿಯಲ್ಲಿ ದಂಪತಿಗಳು ಇಬ್ಬರು ಮಕ್ಕಳೊಡನೆ ಬೋರ್ಡೋ ನಗರದಿಂದ ಚಿಕ್ಕದೊಂದು ಹಡಗನ್ನೇರಿ ಅಮೆರಿಕೆಗೆ ಹೊರಟರು. ಅವರಿನ್ನೂ ಕಡಲಿನಲ್ಲಿರುವಾಗಲೇ, ಏಪ್ರಿಲ್ ತಿಂಗಳಲ್ಲಿ, ಆಕೆಯ ತಂದೆ ಆರ್ಥರ್ ಡಿಲನನೂ ಮಾಜಿ ಯುದ್ಧಮಂತ್ರಿಯಾಗಿದ್ದ ಮಾವನೂ ಗಿಲೊಟಿನ್ನಿಗೆ ತಲೆಯೊಪ್ಪಿಸಿದರು. ಬಾಸ್ಟನ್ನಿನಲ್ಲಿಳಿದು, ಹಡ್ಸನ್ ನದೀತೀರದ ಆಲ್ಬನಿಯ ಬಳಿಯಲ್ಲಿ ಹೊಲವೊಂದನ್ನು ಕೊಂಡು, ಅವರು 1796ರವರೆಗೆ ಒಕ್ಕಲುತನದಿಂದ ಜೀವಿಸಿದರು. ಆ ಸೀಮೆಯು ಮೊದಲು ಮಹಿಕನ್ ಜನರ ನೆಲ. ಬಳಿಕ ಡಚ್ಚರದೂ ಇಂಗ್ಲಿಷರದೂ ಆದ ವಸಾಹತು. ಆಗಷ್ಟೇ ಸ್ವತಂತ್ರವಾಗಿದ್ದ ರಾಜ್ಯದ ಅಂಚು.

ಗ್ರಂಥದ ಜೀವಾಳವು ಈ ಎರಡು ವರ್ಷಗಳ ವರ್ಣನೆಯಲ್ಲಿದೆಯೆಂದು ನಮ್ಮ ಮತ. ಅರಮನೆಯ ಪ್ರಕರಣಗಳಲ್ಲಿ ಉಡಿಗೆತೊಡಿಗೆಗಳ ಪಟ್ಟಿ ದೀರ್ಘವಾಗಿದೆ. ಇಲ್ಲಿ ವಸ್ತುಗಳು ಕಡಿಮೆ, ಕ್ರಿಯೆ ಹೆಚ್ಚು. ಹಡಗಿನಲ್ಲಿ ಸಿಕ್ಕುಗಟ್ಟಿದ ಹೊಂಬಣ್ಣದ ಕೂದಲನ್ನು ಆಕೆ ತಾನೇ ಕತ್ತರಿಸಿ, ಅದರೊಂದಿಗೆ ಹಳೆಯ ಚಪಲಗಳನ್ನೂ ಸಮುದ್ರಕ್ಕೆಸೆಯುತ್ತಾಳೆ. ನೆರೆಯ ಒಕ್ಕಲಗಿತ್ತಿಯರಂತೆ ಪಟ್ಟೆಪಟ್ಟೆಯ ಉಣ್ಣೆಯ ಲಂಗವನ್ನುಡುತ್ತಾಳೆ. ತಾನೇ ಕಡೆದ ಬೆಣ್ಣೆಯ ಮುದ್ದೆಗಳಿಗೆ ಮನೆತನದ ಅಂಕಿತವನ್ನೊತ್ತಿ, ಶುಭ್ರವಾದ ಬುಟ್ಟಿಯಲ್ಲಿಟ್ಟು ಮಾರುತ್ತಾಳೆ. ಕುರಿಯ ತೊಡೆಯೊಂದನ್ನು ಕೊಡಲಿಯಿಂದ ಕಡಿಯಲನುವಾಗಿದ್ದಾಗ ಹಿಂದಿನಿಂದ ಬಂದು ನಕ್ಕು ಮೆಚ್ಚಿದವನು, ತಾನೂ ದೇಶಭ್ರಷ್ಟನಾಗಿದ್ದ ತಾಲೆರಾಂ.

ದಂಡಿಯು ವಸ್ತುಗಳ ನಾನಾವಸ್ಥೆಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿ, ಜಾತಿ, ಕ್ರಿಯೆ, ಗುಣ, ದ್ರವ್ಯಗಳೆಂದು ಅದನ್ನು ವಿಭಾಗಿಸಿದನು. ಕುಂತಕನಾದರೋ, ಸ್ವಭಾವವೇ ಅಲಂಕಾರವಾದರೆ ಅಲಂಕರಿಸಲ್ಪಡುವುದು ಯಾವುದು ಎಂದು ಆಕ್ಷೇಪಿಸಿದನು. ಲೂಸಿಯ ಬೆಣ್ಣೆಯ ಬುಟ್ಟಿಯು ದಂಡಿಯ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ಕುಲದ ಅಂಕಿತವು ಬೆಣ್ಣೆಯ ಮೇಲೆ ಮೂಡಿದೆಯೆಂದ ಮಾತ್ರಕ್ಕೆ ಐಶ್ವರ್ಯಭ್ರಂಶವೂ ಕುಗ್ಗದ ಉತ್ಸಾಹವೂ ಒಟ್ಟಿಗೆ ವ್ಯಂಜಿತವಾಗುತ್ತವೆ, ಉಪಮೆ ಬೇಕಾಗಲಿಲ್ಲ. ವಿರಾಟನ ಮನೆಯಲ್ಲಿ ದ್ರೌಪದಿಯು ಸೈರಂಧ್ರಿಯಾದುದು ನಮಗೆ ನೆನಪಾಗುವುದು ಸಹಜ. ಆದರೆ ಅಲ್ಲಿ ಊಳಿಗವು ಮರೆವೇಷ. ಇಲ್ಲಿ ದುಡಿಮೆಯಲ್ಲಿಯೇ ವ್ಯಕ್ತಿಯು ಪ್ರಕಾಶಕ್ಕೆ ಬರುತ್ತದೆ. 1795ರಲ್ಲಿ ಮಗಳು ಸೆರಾಫೀನಳು ತೀರಿಕೊಂಡ ಪ್ರಸಂಗವನ್ನೂ ಆಕೆ ಹಿಗ್ಗಿಸಿ ಬರೆಯುವುದಿಲ್ಲ. ಅಲ್ಲಿಯ ಕರುಣವು ಮಿತಭಾಷೆಯಿಂದಲೇ ಸಿದ್ಧಿಸಿದೆ.

ಇಷ್ಟು ಗುಣಪಕ್ಷವಾಯಿತು. ಇನ್ನು ದೋಷವಿಚಾರ. ಈ ಹೊಲದ ದುಡಿಮೆಯೆಲ್ಲವೂ ಯಜಮಾನದಂಪತಿಗಳದಲ್ಲ. ಅವರು ಗುಲಾಮರನ್ನು ಕೊಂಡಿದ್ದರು. 1790ರ ಜನಗಣತಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗುಲಾಮರು 21,000ಕ್ಕೂ ಮಿಕ್ಕಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಫ್ರಾನ್ಸಿಗೆ ಮರಳುವ ಮುನ್ನ ಆ ನಾಲ್ವರನ್ನೂ ಬಿಡುಗಡೆ ಮಾಡಿದ ಪ್ರಸಂಗವು ಗ್ರಂಥದಲ್ಲಿ ಬಹು ಪ್ರಸಿದ್ಧವಾದುದು. ಲೂಸಿಯು ಅವರನ್ನು ಕರೆದು, ಮೊದಲು ತಾವು ಹೊರಡುವ ವಾರ್ತೆಯನ್ನಷ್ಟೇ ತಿಳಿಸುತ್ತಾಳೆ, ಅವರು ಅಳುತ್ತಾರೆ, ಅನಂತರ ಬಿಡುಗಡೆಯನ್ನು ಸಾರುತ್ತಾಳೆ, ಅವರು ಮೊಣಕಾಲೂರುತ್ತಾರೆ. ತನ್ನ ಬಾಳಿನ ಪರಮಮಧುರವಾದ ಕ್ಷಣಗಳಲ್ಲಿ ಇದನ್ನು ಆಕೆ ಎಣಿಸುತ್ತಾಳೆ.

ಇಲ್ಲಿ ಕಾಲಧರ್ಮವನ್ನು ಮುಂದಿಟ್ಟು ಪೂರ್ವಪಕ್ಷವನ್ನು ಮಾಡಬಹುದು: ಆ ಸಂಸ್ಥಾನದಲ್ಲಿ ಕ್ರಮಶಃ ವಿಮೋಚನೆಯ ಶಾಸನವಾದುದೇ 1799ರಲ್ಲಿ, ದಾಸ್ಯವು ಮುಗಿದುದು 1827ರಲ್ಲಿ, 1796ರಲ್ಲಿಯೇ ನಾಲ್ವರನ್ನು ಬಿಟ್ಟವರನ್ನು ಹಳಿಯುವುದು ನ್ಯಾಯವೇ? ಕಾರ್ಯವನ್ನು ನಾವು ಹಳಿಯುವುದಿಲ್ಲ; ಅದು ಶ್ಲಾಘ್ಯವೇ. ನಮ್ಮ ಆಕ್ಷೇಪವು ಕಥನಕ್ಕೆ ಸಂಬಂಧಪಟ್ಟುದು. ಗ್ರಂಥದ ಸ್ವಂತ ಗುಣದಿಂದಲೇ ಅದು ಹುಟ್ಟುತ್ತದೆ. ಬೆಣ್ಣೆ ಕಡೆಯುವಾಗ ಸೂತ್ರಧಾರಳಾಗದಿದ್ದವಳು ಇಲ್ಲಿ ರಂಗವನ್ನು ಸಜ್ಜುಗೊಳಿಸಿದ್ದಾಳೆ. ಶುಭವಾರ್ತೆಯನ್ನು ತಡೆಹಿಡಿದುದರಿಂದ ಬಂದ ಕಣ್ಣೀರು ಅವರದು, ರುಚಿ ಆಕೆಯದು. ಬಿಡುಗಡೆಯಾದವರ ಅವಸ್ಥೆಯು ವರ್ಣ್ಯವಾಗಬೇಕಾದೆಡೆ ಕೊಟ್ಟವಳ ಹರ್ಷವು ವರ್ಣ್ಯವಾಗಿದೆ. ಸ್ವಭಾವೋಕ್ತಿಯು ಭಗ್ನವಾದುದು ಇಲ್ಲಿಯೇ. ಕ್ಷೇಮೇಂದ್ರನ ಮಾತಿನಲ್ಲಿ ಹೇಳುವುದಾದರೆ ಇದು ಅನೌಚಿತ್ಯ.

ಮಹಾಭಾರತದ ಸಭಾಪರ್ವವನ್ನು ಇದರೊಡನೆ ಹೋಲಿಸಿ ನೋಡಬೇಕು. ಧೃತರಾಷ್ಟ್ರನು ವರವೀಯುವಾಗ ದ್ರೌಪದಿಯು ತನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸಪುತ್ರನೆನ್ನದಿರಲೆಂದು ಮೊದಲು ಧರ್ಮರಾಯನ ಬಿಡುಗಡೆಯನ್ನೂ, ಎರಡನೆಯದಾಗಿ ಉಳಿದ ನಾಲ್ವರದನ್ನೂ ಬೇಡಿ, ಮೂರನೆಯ ವರವನ್ನು ಒಲ್ಲೆನೆನ್ನುತ್ತಾಳೆ. ಅಲ್ಲಿ ಕವಿಯ ದೃಷ್ಟಿಯು ಸಿಂಹಾಸನದ ಮೇಲಿಲ್ಲ, ಬೇಡುವವಳ ಮೇಲಿದೆ; ಕೊಡುವವನ ಸಂತೋಷವನ್ನು ನಾವು ಕೇಳುವುದೇ ಇಲ್ಲ. ತಾನೇ ಮನೆಮಾರುಗಳನ್ನು ಕಳೆದುಕೊಂಡು, ಪ್ರಾಣಭಯದಿಂದ ಕಡಲು ದಾಟಿ ಬಂದವಳಿಗೆ ಆ ದೃಷ್ಟಿಯು ದುರ್ಲಭವಾಗಿರಲಿಲ್ಲ. ಆದರೂ ಅದು ಒದಗಲಿಲ್ಲ.

ಆದಕಾರಣ ಈ ಗ್ರಂಥವನ್ನು ಪಾಠ ಹೇಳುವವರು ಬೆಣ್ಣೆಯ ಪ್ರಕರಣವನ್ನೂ ಬಿಡುಗಡೆಯ ಪ್ರಕರಣವನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿಸುವುದು ಲೇಸು. ಒಂದು ಗುಣದಿಂದ ಮತ್ತೊಂದು ದೋಷವನ್ನು ಮುಚ್ಚುವುದೂ, ಒಂದು ದೋಷದಿಂದ ಗುಣವನ್ನಳಿಸುವುದೂ ವಿಮರ್ಶೆಯಲ್ಲ. ತನ್ನ ಕೈಕೆಲಸವನ್ನು ಇದ್ದಂತೆ ಕಂಡು ಬರೆಯುವುದು ಕಷ್ಟ. ತನ್ನ ಕೈಕೆಳಗಿನವರನ್ನು ಇದ್ದಂತೆ ಕಂಡು ಬರೆಯುವುದು ಅದಕ್ಕಿಂತಲೂ ಕಷ್ಟ. ಮೊದಲನೆಯದನ್ನು ಸಾಧಿಸಿದ ಆತ್ಮವೃತ್ತಗಳೇ ವಿರಳವಾದುದರಿಂದ ಲೂಸಿಯ ಗ್ರಂಥವು ಉಳಿಯತಕ್ಕದ್ದು. ಎರಡನೆಯದು ಸಿದ್ಧಿಸದಿದ್ದುದರಿಂದ ಅದು ಎಚ್ಚರದಿಂದ ಓದತಕ್ಕದ್ದು.